ವರ್ಲಿಯ ಗೋಪುರ ಮತ್ತು ಡೆವಲಪ್‌ಮೆಂಟ್ ಖಾತೆಯ ಹಳೆಯ ಲೆಕ್ಕ

ಊರಿನಲ್ಲಿ ಒಬ್ಬರು ಮನೆ ಕಟ್ಟಲು ತೊಡಗಿದರೆ ಕೇರಿಯವರೆಲ್ಲ ಒಮ್ಮೆಯಾದರೂ ಅಲ್ಲಿಗೆ ಹೋಗಿ ನಿಂತು ನೋಡಿ ಬರುವುದುಂಟು. ತಳಪಾಯ ತೋಡುವ ದಿನ, ಬಾಗಿಲು ನಿಲ್ಲಿಸುವ ದಿನ, ತೊಲೆ ಏರಿಸುವ ದಿನ, ಒಂದೊಂದಕ್ಕೂ ಒಂದೊಂದು ಪೂಜೆ, ಒಂದೊಂದು ಊಟ. ದಾರಿಹೋಕನು ಕೂಡ ಗೋಡೆ ಕೊಂಚ ಓರೆಯಾಯಿತೆಂದು ತನ್ನ ಅಭಿಪ್ರಾಯ ಹೇಳದೆ ಮುಂದಕ್ಕೆ ಹೋಗುವುದಿಲ್ಲ. ಮುಂಬಯಿಯಲ್ಲಿ ಆ ಭಾಗ್ಯವಿಲ್ಲ. ಇಲ್ಲಿ ಕಟ್ಟಡಗಳು ತಗಡಿನ ಬೇಲಿಯ ಹಿಂದೆ, ಹಸುರು ಬಲೆಯ ಮರೆಯಲ್ಲಿ ಬೆಳೆಯುತ್ತವೆ. ಬಲೆ ಬಿಚ್ಚಿದ ದಿನ ತಲೆಯೆತ್ತಿ ನೋಡಿ, ‘ಓಹೋ, ಇದು ಯಾವಾಗ ಎದ್ದಿತು?’ ಎನ್ನುತ್ತೇವೆ, ಅಷ್ಟರಲ್ಲಿ ಬಸ್ಸು ಮುಂದೆ ಹೋಗಿರುತ್ತದೆ.

ಇಂಥ ಊರಿನಲ್ಲಿ ನಾವು ಒಂದು ಗೋಪುರವನ್ನು ಮಾತ್ರ ಬುಡದಿಂದ ತುದಿಯವರೆಗೆ ಬೆಳೆಯುವುದನ್ನು ನೋಡಿದ್ದೇವೆ. ಬ್ಯಾಂಕಿನ ಕೆಲಸಕ್ಕೆ ದಿನಾಲು ವರ್ಲಿಯ ದಾರಿಯಾಗಿ ಹೋಗಿಬರುವ ನಮಗೆ ಅದು ಕಣ್ಣಿಗೆ ಬೀಳದೆ ಇರುವಂತಿರಲಿಲ್ಲ. ವರ್ಲಿಯ ಬಿ.ಡಿ.ಡಿ. ಚಾಳುಗಳ ನಡುವೆ ಎದ್ದ, ೪೦ ಅಂತಸ್ತುಗಳ ಆ ಕಟ್ಟಡದ ಎರಡು ಭಾಗಗಳು ಮೊದಲು ಮುಗಿದು, ೨೦೨೫ರ ಆಗಸ್ಟ್ ತಿಂಗಳಲ್ಲಿ ೫೫೬ ಕುಟುಂಬಗಳಿಗೆ ಬೀಗದ ಕೈ ದೊರೆಯಿತು. ೧೬೦ ಚದರಡಿಯ ಒಂದು ಖೋಲಿಯಲ್ಲಿ ಮೂರು ನಾಲ್ಕು ತಲೆಮಾರು ಬಾಳಿದವರು ೫೦೦ ಚದರಡಿಯ ಮನೆಗೆ ಏರಿದರು. ಪತ್ರಿಕೆಗಳು ಇದನ್ನು ಒಂದು ಹೊಸ ಯುಗವೆಂದು ಬರೆದವು. ಆದರೆ ಲೆಕ್ಕ ಬರೆಯುವವರಿಗೆ ಹಿಂದಿನ ಪುಟದ ಬಾಕಿಯನ್ನು ತಿರುವಿ ನೋಡದೆ ಹೊಸ ಪುಟ ತೆರೆಯುವ ಅಭ್ಯಾಸವಿಲ್ಲ. ಹಾಗೆ ತಿರುವಿ ನೋಡಿದಾಗ ಸಮುದ್ರದ ಹೂಳು, ಒಂದು ಸರಕಾರದ ಸಾಲ, ನಮ್ಮ ಬಿಜಾಪುರ ಧಾರವಾಡಗಳ ಕಂದಾಯ, ನಾವು ವರ್ಷಕ್ಕೊಮ್ಮೆ ಮಾಲೆ ಹಾಕುವ ಒಬ್ಬ ಹಿರಿಯರ ಹೆಸರು ಇವೆಲ್ಲ ಅದೇ ಪುಟದಲ್ಲಿ ಕಂಡುಬಂದವು. ಅದನ್ನು ಈ ಸಂಚಿಕೆಯ ಓದುಗರ ಮುಂದೆ ಇಡಬೇಕೆಂದು ತೋರಿತು.

ಬಿ.ಡಿ.ಡಿ. ಎಂಬ ಮೂರು ಅಕ್ಷರಗಳ ಅರ್ಥ ಕೇಳಿದರೆ ವರ್ಲಿಯಲ್ಲೇ ಹುಟ್ಟಿ ಬೆಳೆದವರು ಕೂಡ ತಡವರಿಸುತ್ತಾರೆ. ‘ಇದು ಇಂಗ್ಲಿಷರು ಕಟ್ಟಿದ ಜೈಲು, ಆಮೇಲೆ ಮನೆ ಮಾಡಿ ಕೊಟ್ಟರು’ ಎಂಬ ಮಾತೇ ಬಹಳ ಜನರ ಬಾಯಲ್ಲಿ ಉಂಟು. ಕಾನೂನುಭಂಗ ಚಳವಳಿಯ ಕಾಲದಲ್ಲಿ ಸತ್ಯಾಗ್ರಹಿಗಳನ್ನು ಇಡಲು ಜೈಲುಗಳು ಸಾಲದೆ ಬಂದಾಗ ವರ್ಲಿಯ ಖಾಲಿ ಚಾಳುಗಳನ್ನು ಬಳಸಿದ್ದರಿಂದ ಈ ಮಾತು ಹುಟ್ಟಿಕೊಂಡಿರಬೇಕು. ನಿಜವಾಗಿ ಅವು ಜೈಲಾಗಿ ಹುಟ್ಟಿದವಲ್ಲ. ಬಿ.ಡಿ.ಡಿ. ಎಂದರೆ ಬಾಂಬೆ ಡೆವಲಪ್‌ಮೆಂಟ್ ಡಿಪಾರ್ಟ್‌ಮೆಂಟ್. ಸರಕಾರದ ಇಲಾಖೆಗೂ ಬ್ಯಾಂಕಿನ ಲೆಕ್ಕಕ್ಕೂ ನಾವು ‘ಖಾತೆ’ ಎಂಬ ಒಂದೇ ಶಬ್ದ ಬಳಸುತ್ತೇವೆ. ಆದ್ದರಿಂದ ಅದನ್ನು ಡೆವಲಪ್‌ಮೆಂಟ್ ಖಾತೆ ಎಂದು ಕರೆದರೆ ಎರಡು ಅರ್ಥಕ್ಕೂ ಒಪ್ಪುತ್ತದೆ.

ಈ ಖಾತೆ ೧೯೨೦ರಲ್ಲಿ ತೆರೆಯಿತು. ಆಗ ಮುಂಬಯಿಯ ಗವರ್ನರ್ ಸರ್ ಜಾರ್ಜ್ ಲಾಯ್ಡ್. ಮೊದಲನೆಯ ಮಹಾಯುದ್ಧ ಮುಗಿದು ಗಿರಣಿಗಳಿಗೆ ಹೇರಳ ಲಾಭ ಬಂದಿತ್ತು. ಅದರ ಹಿಂದೆಯೇ ಕೊಂಕಣದಿಂದ, ಘಟ್ಟದ ಮೇಲಿನಿಂದ ಕೂಲಿಗಳು ಬಂದು ನೆರೆದಿದ್ದರು. ಮಲಗಲು ಜಾಗವಿಲ್ಲದೆ ಜನ ಪಾಳಿಯ ಮೇಲೆ ಮಲಗುತ್ತಿದ್ದ ಕಾಲ. ಲಾಯ್ಡ್ ಸಾಹೇಬರು ಎರಡು ದೊಡ್ಡ ಕೆಲಸಗಳನ್ನು ಒಂದೇ ಖಾತೆಗೆ ಒಪ್ಪಿಸಿದರು. ಒಂದು, ಕೂಲಿಗಾರರಿಗಾಗಿ ೫೦,೦೦೦ ಖೋಲಿಗಳನ್ನು ಕಟ್ಟುವುದು. ಇನ್ನೊಂದು, ಚೌಪಾಟಿಯಿಂದ ಕೊಲಾಬದವರೆಗೆ ಬಾಗಿಕೊಂಡಿರುವ ಬ್ಯಾಕ್ ಬೇ ಎಂಬ ಕೊಲ್ಲಿಯಲ್ಲಿ ೧,೧೪೫ ಎಕರೆ ಸಮುದ್ರವನ್ನು ತುಂಬಿ ನೆಲ ಮಾಡುವುದು. ಚಾಳುಗಳ ವೆಚ್ಚಕ್ಕೆ ನೆರವಾಗಲೆಂದು ನಗರಕ್ಕೆ ಬರುವ ಹತ್ತಿಯ ಮೇಲೆ ಮೂಟೆಗೆ ಒಂದು ರೂಪಾಯಿ ಸುಂಕ ಹಾಕಲಾಯಿತು. ಸಮುದ್ರದ ಕೆಲಸಕ್ಕೆ ಸಾಲ ಎತ್ತಲಾಯಿತು. ನೆಲ ಎದ್ದ ಮೇಲೆ ಮಾರಿದರೆ ಸಾಲ ತೀರಿ ಲಾಭವೂ ಉಳಿಯುತ್ತದೆಂಬುದು ಲೆಕ್ಕಾಚಾರ.

ಕಾಗದದ ಮೇಲೆ ಇಂಥ ಲೆಕ್ಕ ಸದಾ ಸರಿಯಾಗಿಯೇ ಇರುತ್ತದೆ. ಅದೇ ಕೊಲ್ಲಿ ಅದಕ್ಕೂ ಅರುವತ್ತು ವರ್ಷಗಳ ಹಿಂದೆ ಇಂಥದೇ ಒಂದು ಲೆಕ್ಕವನ್ನು ನುಂಗಿತ್ತು. ಅಮೆರಿಕದಲ್ಲಿ ಅಂತರ್ಯುದ್ಧ (೧೮೬೧–೬೫) ನಡೆದು ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಹೋಗದೆ ನಿಂತಾಗ ಮುಂಬಯಿಯ ಹತ್ತಿಗೆ ಚಿನ್ನದ ಬೆಲೆ ಬಂದಿತು. ಆ ಹಣದ ಅಮಲಿನಲ್ಲಿ ಬ್ಯಾಕ್ ಬೇಯನ್ನು ತುಂಬುವ ಕಂಪನಿಯೊಂದು ಹುಟ್ಟಿ, ಅದರ ೫,೦೦೦ ರೂಪಾಯಿಯ ಷೇರು ಹಲವು ಪಟ್ಟು ಬೆಲೆಗೆ ಕೈಬದಲಾಯಿತು. ೧೮೬೫ರಲ್ಲಿ ಯುದ್ಧ ಮುಗಿಯಿತು, ಹತ್ತಿಯ ಬೆಲೆ ಬಿತ್ತು, ಷೇರು ಕಾಗದವಾಯಿತು. ಷೇರುಗಳ ಮೇಲೆ ಕಣ್ಣುಮುಚ್ಚಿ ಸಾಲ ಕೊಟ್ಟಿದ್ದ ಹಳೆಯ ಬ್ಯಾಂಕ್ ಆಫ್ ಬಾಂಬೆ ೧೮೬೮ರಲ್ಲಿ ಮುಚ್ಚಿ, ಅದೇ ಹೆಸರಿನ ಹೊಸ ಬ್ಯಾಂಕು ತೆರೆಯಬೇಕಾಯಿತು. ನಮ್ಮ ವೃತ್ತಿಯವರು ಸಾಲದ ಅರ್ಜಿಗೆ ರುಜು ಹಾಕುವ ಮೊದಲು ಓದಿಕೊಳ್ಳಬೇಕಾದ ಇತಿಹಾಸ ಅದು. ಆ ಷೇರುಗಾಳಿಯ ನಾಯಕರಾಗಿದ್ದ ಪ್ರೇಮಚಂದ್ ರಾಯಚಂದರು ಕೊಟ್ಟ ದಾನದಿಂದ ಅವರ ತಾಯಿಯ ಹೆಸರಿನಲ್ಲಿ ಎದ್ದ ರಾಜಾಬಾಯಿ ಗೋಪುರ ೧೮೭೮ರಲ್ಲಿ ಮುಗಿಯಿತು. ೨೮೦ ಅಡಿ ಎತ್ತರದ ಆ ಗೋಪುರವನ್ನು ನಮ್ಮ ಮಕ್ಕಳು ವಿಶ್ವವಿದ್ಯಾಲಯದ ಗಡಿಯಾರವೆಂದಷ್ಟೇ ಬಲ್ಲರು. ಮುಂಬಯಿಯ ಎತ್ತರದ ಕಟ್ಟಡಗಳ ಬುಡದಲ್ಲಿ ಹತ್ತಿಯೂ ಸಮುದ್ರವೂ ಮೊದಲಿನಿಂದಲೇ ಉಂಟು.

ಇರಲಿ, ಲಾಯ್ಡ್ ಸಾಹೇಬರ ಎರಡು ಕೆಲಸಗಳ ಗತಿ ಏನಾಯಿತೆಂದು ನೋಡೋಣ.

ಚಾಳುಗಳು ಬೇಗ ಎದ್ದವು. ವರ್ಲಿಯಲ್ಲಿ ೧೨೧, ನಾಯಗಾಂವದಲ್ಲಿ ೪೨, ಡಿಲಾಯಿಲ್ ರಸ್ತೆಯಲ್ಲಿ (ಇಂದಿನ ಎನ್. ಎಂ. ಜೋಶಿ ಮಾರ್ಗ) ೩೨, ಶಿವಡಿಯಲ್ಲಿ ೧೨, ಹೀಗೆ ಒಟ್ಟು ೨೦೭. ನೆಲಮಾಳಿಗೆ ಸೇರಿ ನಾಲ್ಕು ಅಂತಸ್ತು. ಅಂತಸ್ತಿಗೆ ೨೦ ಖೋಲಿ, ಚಾಳಿಗೆ ೮೦. ಉದ್ದಕ್ಕೂ ಒಂದು ನಡುಹಾದಿ, ಅದರ ಎರಡೂ ಮಗ್ಗುಲಿಗೆ ಎದುರುಬದುರಾಗಿ ಬಾಗಿಲುಗಳು. ಪಾಯಖಾನೆ ಎಲ್ಲರಿಗೂ ಸೇರಿ. ಆಗ್ಗೆ ಈ ದೇಶದಲ್ಲಿ ಹೊಸತಾಗಿದ್ದ ಕಬ್ಬಿಣದ ಸರಳಿನ ಕಾಂಕ್ರೀಟನ್ನು ಧಾರಾಳವಾಗಿ ಬಳಸಲಾಯಿತು. ಕಟ್ಟಡ ಗಟ್ಟಿಯಾಗಿತ್ತು, ಅದರಲ್ಲಿ ಸಂದೇಹವಿಲ್ಲ. ಆದರೆ ಬೆಳಕು ಕಡಿಮೆ, ನಡುಹಾದಿ ಹಗಲಿನಲ್ಲೂ ಕತ್ತಲು. ವರ್ಲಿಯಲ್ಲಿ ಆ ಕಾಲಕ್ಕೆ ಪೇಟೆಯಿಲ್ಲ, ಗಾಡಿಯಿಲ್ಲ. ಗಿರಣಿಗೆ ನಡೆದು ಹೋಗಬೇಕು. ಆದ್ದರಿಂದ ಯಾರಿಗಾಗಿ ಕಟ್ಟಿದರೋ ಆ ಕೂಲಿಗಾರರೇ ಬರಲೊಪ್ಪದೆ ಎಷ್ಟೋ ಖೋಲಿಗಳು ವರ್ಷಗಟ್ಟಲೆ ಖಾಲಿ ಬಿದ್ದವು. ೫೦,೦೦೦ ಎಂದು ಹೊರಟದ್ದು ಹದಿನಾರು ಸಾವಿರದ ಚಿಲ್ಲರೆಗೆ ನಿಂತಿತು. ಮನೆಯಿಲ್ಲದವರು ಲಕ್ಷಗಟ್ಟಲೆ, ಖಾಲಿ ಮನೆಗಳು ಸಾವಿರಗಟ್ಟಲೆ! ಈ ವಿಚಿತ್ರವು ಮುಂಬಯಿಗೆ ಇಂದೂ ಹೊಸತಲ್ಲ.

ಸಮುದ್ರದ ಕೆಲಸ ಇನ್ನೂ ಕೆಟ್ಟಿತು. ಕೊಲ್ಲಿಯ ಹೊರಗಡೆಗೆ ಕಲ್ಲಿನ ಒಡ್ಡು ಹಾಕಿ, ಬಂದರಿನ ತಳದಿಂದ ಕೆಸರನ್ನು ಯಂತ್ರದಿಂದ ತೋಡಿ, ಕೊಳವೆಗಳ ಮೂಲಕ ಒಡ್ಡಿನ ಒಳಗೆ ಸುರಿಯುವುದು ಉಪಾಯ. ತೋಡುವ ಹಡಗಿಗೆ ಗವರ್ನರರದೇ ಹೆಸರು ಇಟ್ಟಿದ್ದರು. ಆ ಹಡಗು ಹೇಳಿದಷ್ಟು ಮಣ್ಣು ತೋಡಲಿಲ್ಲ. ತೋಡಿ ತಂದದ್ದಾದರೂ ನಿಂತಿತೆ? ಒಡ್ಡಿನ ಕಲ್ಲುಗಳ ಸಂದಿನಿಂದ ಕೆಸರೆಲ್ಲ ಸೋರಿ ಮತ್ತೆ ಸಮುದ್ರಕ್ಕೇ ಹೋಯಿತು. ತೂತಿನ ಕೊಡದಲ್ಲಿ ನೀರು ಹೊತ್ತ ಕಥೆ! ಮೊದಲು ಮೂರೂವರೆ ಕೋಟಿಗೆ ಮೇಲ್ಪಟ್ಟಿದ್ದ ಅಂದಾಜು ನೋಡುತ್ತ ನೋಡುತ್ತ ಇಮ್ಮಡಿಯಾಯಿತು. ಜನರು ಈ ಯೋಜನೆಗೆ ‘ಲಾಯ್ಡನ ಹುಚ್ಚು’ ಎಂದು ಹೆಸರಿಟ್ಟರು. ಖುರ್ಷೇದ್ ಫ್ರಾಮ್‌ಜಿ ನಾರಿಮನ್ ಎಂಬ ತರುಣ ವಕೀಲರು ಈ ಅವ್ಯವಹಾರವನ್ನು ಬಯಲಿಗೆ ಎಳೆದರು. ಖಾತೆಯ ಇಂಜಿನಿಯರರೊಬ್ಬರು ಅವರ ಮೇಲೆ ಮಾನನಷ್ಟದ ಮೊಕದ್ದಮೆ ಹೂಡಿದರು. ನಾರಿಮನ್ನರು ನಿರ್ದೋಷಿಯಾಗಿ ಹೊರಬಂದರು. ಇಂದು ಯಾವ ಜಾಗವನ್ನು ನಾವು ನಾರಿಮನ್ ಪಾಯಿಂಟ್ ಎನ್ನುತ್ತೇವೆಯೋ ಅದು ಇವರದೇ ಹೆಸರು.

ಇಲ್ಲಿ ಕನ್ನಡಿಗರು ಕಿವಿಗೊಟ್ಟು ಕೇಳಬೇಕಾದ ಸಂಗತಿಯೊಂದುಂಟು. ಈ ಹಣ ಮುಂಬಯಿ ನಗರದ ಹಣವಷ್ಟೇ ಅಲ್ಲ. ಸಾಲ ಎತ್ತಿದ್ದು ಮುಂಬಯಿ ಇಲಾಖೆಯ ಸರಕಾರ. ಬಿಜಾಪುರ, ಧಾರವಾಡ, ಬೆಳಗಾವಿ, ಉತ್ತರ ಕನ್ನಡ ಜಿಲ್ಲೆಗಳು ಆ ಇಲಾಖೆಯಲ್ಲಿದ್ದವು. ೧೯೫೬ರ ನವೆಂಬರ್ ೧ರಂದು ರಾಜ್ಯ ಒಂದಾಗುವವರೆಗೂ ನಮ್ಮ ಜನರ ಕಂದಾಯ ಮುಂಬಯಿಯ ಖಜಾನೆಗೇ ಹೋಗುತ್ತಿತ್ತು. ಕೊಲ್ಲಿಯ ಒಡ್ಡಿನಿಂದ ಸೋರಿಹೋದ ಕೆಸರಿನ ಬಡ್ಡಿಯನ್ನು ತೆತ್ತವರಲ್ಲಿ ಸಮುದ್ರವನ್ನೇ ಕಾಣದ ಇಂಡಿ, ಸಿಂದಗಿ, ನವಲಗುಂದದ ರೈತರೂ ಸೇರಿದ್ದರು. ಬಿಜಾಪುರದ ಕಡೆ ಬರಗಾಲ ಬಿದ್ದರೆ ಕೆರೆ ತೋಡಿಸಲು ಹಣವಿಲ್ಲವೆನ್ನುತ್ತಿದ್ದ ಸರಕಾರ ಅದು. ರಾಜ್ಯೋತ್ಸವದ ದಿನ ಏಕೀಕರಣದ ಭಾವನೆಯ ಮಾತು ಬೇಕಾದಷ್ಟು ಕೇಳುತ್ತೇವೆ. ಅದರ ಹಿಂದೆ ಇಂಥ ಜಮಾಖರ್ಚಿನ ಮಾತೂ ಇತ್ತೆಂಬುದನ್ನು ಹೇಳುವವರು ಕಡಿಮೆ.

ಗದ್ದಲ ತಡೆಯಲಾರದೆ ಸರಕಾರ ೧೯೨೬ರಲ್ಲಿ ವಿಚಾರಣಾ ಸಮಿತಿಯೊಂದನ್ನು ನೇಮಿಸಿತು. ಅಲಹಾಬಾದ್ ಹೈಕೋರ್ಟಿನ ಮುಖ್ಯ ನ್ಯಾಯಾಧೀಶರಾದ ಸರ್ ಗ್ರಿಂವುಡ್ ಮಿಯರ್ಸ್ ಅದರ ಅಧ್ಯಕ್ಷರು. ಸದಸ್ಯರ ಪೈಕಿ ಒಬ್ಬರು ಸರ್ ಎಂ. ವಿಶ್ವೇಶ್ವರಯ್ಯನವರು.

ನಮ್ಮ ಸಂಘಸಂಸ್ಥೆಗಳಲ್ಲಿ ಸೆಪ್ಟೆಂಬರ್ ೧೫ ಬಂದರೆ ಅವರ ಭಾವಚಿತ್ರಕ್ಕೆ ಮಾಲೆ ಬೀಳುತ್ತದೆ. ಮಾಟುಂಗದ ಕರ್ನಾಟಕ ಸಂಘದ ಮಂದಿರಕ್ಕೆ ಅವರದೇ ಹೆಸರು. ಭಾಷಣಗಳಲ್ಲಿ ಕನ್ನಂಬಾಡಿ ಬರುತ್ತದೆ, ದಿವಾನಗಿರಿ ಬರುತ್ತದೆ, ನಮ್ಮಂಥ ಬ್ಯಾಂಕಿನವರು ಭಾಷಣಕ್ಕೆ ನಿಂತರೆ ೧೯೧೩ರ ಮೈಸೂರು ಬ್ಯಾಂಕೂ ಬರುತ್ತದೆ. ಆದರೆ ಮುಂಬಯಿಯ ಕನ್ನಡಿಗರು ಎಲ್ಲಕ್ಕಿಂತ ಮೊದಲು ನೆನೆಯಬೇಕಾದ ಈ ೧೯೨೬ರ ಕೆಲಸವನ್ನು ಯಾರೂ ಎತ್ತಿದ್ದನ್ನು ನಾವು ಕೇಳಿಲ್ಲ. ಅವರು ಮೈಸೂರಿಗೆ ಸೇರುವುದಕ್ಕೆ ಮೊದಲೇ ಮುಂಬಯಿ ಸರಕಾರದವರು. ಪುಣೆಯ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ, ೧೮೮೪ರಲ್ಲಿ ಮುಂಬಯಿ ಇಲಾಖೆಯ ಮರಾಮತ್ತು ಖಾತೆಗೆ ಸೇರಿ, ಸುಮಾರು ಕಾಲು ಶತಮಾನ ಅಲ್ಲೇ ದುಡಿದರು. ತಾವು ಕಲ್ಪಿಸಿದ ಸ್ವಯಂಚಾಲಿತ ಬಾಗಿಲುಗಳನ್ನು ೧೯೦೩ರಲ್ಲಿ ಖಡಕ್ವಾಸ್ಲಾ ಕಟ್ಟೆಗೆ ಹಾಕಿಸಿ ನೀರನ್ನು ಹಿಡಿದು ನಿಲ್ಲಿಸಿದವರು. ನೀರು ಎಲ್ಲಿ ನಿಲ್ಲುತ್ತದೆ, ಎಲ್ಲಿ ಸೋರುತ್ತದೆ ಎಂಬುದನ್ನು ಅವರಿಗೆ ಬೇರೆಯವರು ಹೇಳಿಕೊಡಬೇಕಾಗಿರಲಿಲ್ಲ.

ಸಮಿತಿ ಖಾತೆಯ ಕಡತಗಳನ್ನೂ ಇಂಜಿನಿಯರರ ಅಂದಾಜುಗಳನ್ನೂ ಪರಿಶೀಲಿಸಿತು. ಬಂದರಿನ ಮಣ್ಣು ಎಂಥದು, ಎಷ್ಟು ಸಿಗುತ್ತದೆ ಎಂಬುದನ್ನು ಸರಿಯಾಗಿ ಪರೀಕ್ಷಿಸದೆ ಕೆಲಸ ತೊಡಗಿದ್ದು, ಒಡ್ಡು ಕೆಸರನ್ನು ತಡೆಯುವಂತೆ ಇಲ್ಲದ್ದು, ಹಡಗಿನ ಶಕ್ತಿಯನ್ನು ಹೆಚ್ಚಾಗಿ ಎಣಿಸಿದ್ದು, ಒಂದೊಂದೂ ಹೊರಬಂದಿತು. ಎಲ್ಲವನ್ನೂ ತುಂಬುವ ಹಟ ಬಿಟ್ಟು ಯೋಜನೆಯನ್ನು ಮೊಟಕುಗೊಳಿಸಬೇಕೆಂದು ಸಮಿತಿ ಸಲಹೆ ಕೊಟ್ಟಿತು. ಅದರಂತೆ ಕೊಲ್ಲಿಯ ಎರಡು ಕೊನೆಗಳ ಭಾಗಗಳನ್ನು ಮಾತ್ರ ತುಂಬಿ, ನಡುವಣ ೩ರಿಂದ ೬ರವರೆಗಿನ ಭಾಗಗಳನ್ನು ಸಮುದ್ರಕ್ಕೇ ಬಿಡಲಾಯಿತು. ನೆಲವಾದದ್ದು ಉದ್ದೇಶಿಸಿದ್ದರ ಅರ್ಧಕ್ಕೂ ಕಡಿಮೆ. ಚೌಪಾಟಿಯ ಕಡೆಯ ಕೊನೆಯಲ್ಲಿ ಮರೀನ್ ಡ್ರೈವ್ ಬಂದಿತು. ಕೊಲಾಬದ ಕಡೆಯದು ಸೈನ್ಯಕ್ಕೆ ಹೋಯಿತು. ಆಗಿನ ಕಾಲಕ್ಕೆ ಒಬ್ಬ ಭಾರತೀಯ ಇಂಜಿನಿಯರು ಗವರ್ನರರ ಹೆಸರು ಹೊತ್ತ ಹಡಗಿನ ಲೆಕ್ಕವನ್ನು ಪ್ರಶ್ನಿಸುವ ಪೀಠದಲ್ಲಿ ಕುಳಿತಿದ್ದು ಸಾಮಾನ್ಯ ಮಾತಲ್ಲ. ಅಣೆಕಟ್ಟು ಕಟ್ಟುವುದು ಎಷ್ಟು ದೊಡ್ಡದೋ, ಕಟ್ಟಬಾರದ ಕಡೆ ನಿಲ್ಲಿಸಿ ಎಂದು ಹೇಳುವುದೂ ಅಷ್ಟೇ ದೊಡ್ಡದೆಂದು ನಮ್ಮ ತಿಳಿವಳಿಕೆ.

ಮುಂದಿನ ಕಥೆ ಇನ್ನೂ ಸ್ವಾರಸ್ಯವಾಗಿದೆ. ಬಿಟ್ಟುಹೋಗಿದ್ದ ನಡುವಣ ಭಾಗಗಳಿಗೆ ಸ್ವಾತಂತ್ರ್ಯ ಬಂದ ಮೇಲೆ ಮತ್ತೆ ಮಣ್ಣು ಬಿದ್ದಿತು. ೧೯೬೦ ಮತ್ತು ೭೦ರ ದಶಕಗಳಲ್ಲಿ ನಾರಿಮನ್ ಪಾಯಿಂಟ್, ಕಫ್ ಪರೇಡುಗಳ ಹೊಸ ನೆಲ ಹಾಗೆ ಎದ್ದದ್ದು. ೧೯೭೨ರ ಎಕ್ಸ್‌ಪ್ರೆಸ್ ಟವರ್ಸ್, ೧೯೭೪ರ ಏರ್ ಇಂಡಿಯಾ ಕಟ್ಟಡ ಆ ನೆಲದ ಮೇಲಿನವು. ಅತ್ತ ಕಫ್ ಪರೇಡಿನಲ್ಲಿ ೩೫ ಅಂತಸ್ತುಗಳ, ೧೫೬ ಮೀಟರ್ ಎತ್ತರದ ವರ್ಲ್ಡ್ ಟ್ರೇಡ್ ಸೆಂಟರ್ ನಿಂತಿತು; ಬಹುಕಾಲ ಅದಕ್ಕೆ ಸಮನಾದ ಎತ್ತರದ ಕಟ್ಟಡಗಳು ದೇಶದಲ್ಲೇ ವಿರಳವಾಗಿದ್ದವು. ಅದನ್ನು ನಡೆಸುವ ಸಂಸ್ಥೆಯ ಪೂರ್ಣ ಹೆಸರು ಎಷ್ಟು ಜನರಿಗೆ ಗೊತ್ತು? ಎಂ. ವಿಶ್ವೇಶ್ವರಯ್ಯ ಕೈಗಾರಿಕಾ ಸಂಶೋಧನೆ ಮತ್ತು ಅಭಿವೃದ್ಧಿ ಕೇಂದ್ರ. ೧೯೪೧ರಲ್ಲಿ ಮುಂಬಯಿಯಲ್ಲಿ ಅಖಿಲ ಭಾರತ ಉತ್ಪಾದಕರ ಸಂಘಟನೆಯನ್ನು ಕಟ್ಟಿದವರು ವಿಶ್ವೇಶ್ವರಯ್ಯನವರು. ಅವರು ೧೯೬೨ರಲ್ಲಿ ತೀರಿಕೊಂಡ ಮೇಲೆ ಆ ಸಂಘಟನೆಯವರು ಅವರ ನೆನಪಿಗಾಗಿ ಈ ಕೇಂದ್ರವನ್ನು ಸ್ಥಾಪಿಸಿದರು. ಯಾವ ಕೊಲ್ಲಿಯನ್ನು ತುಂಬುವ ಲೆಕ್ಕ ಸರಿಯಿಲ್ಲವೆಂದು ಕಂಡ ಸಮಿತಿಯಲ್ಲಿ ಅವರು ಇದ್ದರೋ, ಅದೇ ಕೊಲ್ಲಿಯನ್ನು ಕೊನೆಗೂ ತುಂಬಿದ ನೆಲದ ಮೇಲೆ ಅವರ ಹೆಸರು ಆಕಾಶಕ್ಕೆ ಏರಿತು. ಅವರಿದ್ದರೆ ಏನು ಹೇಳುತ್ತಿದ್ದರೋ! ಮೊದಲು ತಳಪಾಯದ ನಕ್ಷೆ ತರಿಸಿ ನೋಡುತ್ತಿದ್ದರೆಂಬುದರಲ್ಲಂತೂ ಸಂಶಯವಿಲ್ಲ.

ಇತ್ತ ಚಾಳುಗಳು ಏನಾದವು? ಗಿರಣಿಗಳು ಬೆಳೆದಂತೆ ವರ್ಲಿ ನಗರದೊಳಗೆ ಸೇರಿಕೊಂಡಿತು. ಖಾಲಿ ಖೋಲಿಗಳು ತುಂಬಿ ತುಳುಕಿದವು. ಗಿರಣಿಯವರು, ಪೋಲೀಸರು, ಬಂದರಿನವರು, ನಗರಸಭೆಯ ನೌಕರರು. ಒಂದು ಖೋಲಿಯಲ್ಲಿ ಹತ್ತು ಜನ. ಗಂಡಸರೆಲ್ಲ ರಾತ್ರಿ ನಡುಹಾದಿಯಲ್ಲೋ ಅಂಗಳದಲ್ಲೋ ಹಾಸಿಕೊಳ್ಳುವುದು. ಕತ್ತಲೆಯ ಆ ನಡುಹಾದಿಯೇ ಕ್ರಮೇಣ ಅವರ ಊರ ಚಾವಡಿಯಾಯಿತು. ಮದುವೆ, ಗಣಪತಿ, ಅಂಬೇಡ್ಕರ್ ಜಯಂತಿ, ಹುಡುಗರ ಓದು, ಜಗಳ, ರಾಜಿ ಎಲ್ಲವೂ ಅಲ್ಲಿಯೇ. ೧೯೭೪ರ ಜನವರಿಯಲ್ಲಿ ದಲಿತ ಪ್ಯಾಂಥರರ ಸಭೆಯ ತರುವಾಯ ನಡೆದ ಗಲಭೆಯ ರಕ್ತವೂ ಆ ಚಾಳುಗಳ ಅಂಗಳದಲ್ಲಿ ಬಿದ್ದಿತು. ೧೯೮೨ರ ಜನವರಿ ೧೮ರಂದು ತೊಡಗಿದ ಗಿರಣಿ ಮುಷ್ಕರ ಮುಗಿಯಲೇ ಇಲ್ಲವೆನ್ನಬೇಕು. ಗಿರಣಿಗಳು ಮುಚ್ಚಿದವು, ಚಿಮಣಿಗಳಿದ್ದಲ್ಲಿ ಗಾಜಿನ ಗೋಪುರಗಳು ಬಂದವು. ಲೋವರ್ ಪರೇಲಿನ ಶ್ರೀನಿವಾಸ ಮಿಲ್ಲಿನ ನೆಲದಲ್ಲಿ ೨೮೦ ಮೀಟರ್ ಎತ್ತರದ ವರ್ಲ್ಡ್ ಒನ್ ನಿಂತಿತು. ಗಿರಣಿಯವನು ಮಾತ್ರ ತನ್ನ ೧೬೦ ಚದರಡಿಯಲ್ಲಿ ಉಳಿದು, ಸುತ್ತಲೂ ಬೆಳೆಯುವ ಎತ್ತರವನ್ನು ಕಿಟಕಿಯಿಂದ ನೋಡುತ್ತಿದ್ದ. ಕಾಂಕ್ರೀಟು ಕೊಳೆತು ಸರಳು ಹೊರಬಿದ್ದು, ಮಳೆಗಾಲದಲ್ಲಿ ತಲೆಯ ಮೇಲೆ ಉದುರುವ ಗಾರೆಗೆ ಹೆದರಿ ಮಕ್ಕಳನ್ನು ಗೋಡೆಯ ಕಡೆಗೆ ಮಲಗಿಸುವ ಸ್ಥಿತಿ ಬಂದಿತು.

ಈಗಿನ ಯೋಜನೆ ಹೀಗಿದೆ. ನೆಲ ಸರಕಾರದ್ದು, ಕಟ್ಟಿಸುವುದು ರಾಜ್ಯದ ಗೃಹನಿರ್ಮಾಣ ಪ್ರಾಧಿಕಾರವಾದ ಮ್ಹಾಡಾ. ಚಾಳಿನವರು ಮನೆಗೆ ಹಣ ಕೊಡಬೇಕಾಗಿಲ್ಲ. ಅವರನ್ನು ಎತ್ತರದ ಕಟ್ಟಡಗಳಿಗೆ ಏರಿಸಿದರೆ ಕೆಳಗೆ ನೆಲ ಉಳಿಯುತ್ತದೆ. ಆ ನೆಲದಲ್ಲಿ ಮಾರಾಟದ ಮನೆಗಳನ್ನು ಕಟ್ಟಿ ಅದರ ಹಣದಿಂದ ಎಲ್ಲ ವೆಚ್ಚವನ್ನೂ ಹುಟ್ಟಿಸಬೇಕು. ನೆಲ ಮಾರಿ ಖರ್ಚು ಹುಟ್ಟಿಸುವ ಲಾಯ್ಡ್ ಸಾಹೇಬರ ಲೆಕ್ಕವೇ ಇದು, ನೂರು ವರ್ಷಗಳ ತರುವಾಯ. ವ್ಯತ್ಯಾಸವಿಲ್ಲವೆಂದಲ್ಲ. ಅಂದು ನೆಲ ಸಮುದ್ರದ ತಳದಲ್ಲಿತ್ತು. ಇಂದು ಅದು ಕಾಲ ಕೆಳಗೇ ಇದೆ, ಬೆಲೆಯೂ ಚಿನ್ನದಂಥದು. ಅಂದು ಕೂಲಿಗಾರರಿಗೆ ಒಂದು ಖೋಲಿಗಿಂತ ಹೆಚ್ಚು ಬೇಕೆಂದು ಯಾರೂ ಎಣಿಸಿರಲಿಲ್ಲ. ಇಂದು ಅವರ ಮೊಮ್ಮಕ್ಕಳಿಗೆ ಬಾಗಿಲು ಹಾಕಿ ಓದಿಕೊಳ್ಳುವ ಕೋಣೆಯೊಂದು ಸಿಕ್ಕಿದೆ. ಇದು ಸಣ್ಣ ಮಾತಲ್ಲ.

ಕೆಲಸ ತೊಡಗಿದ್ದೇನೂ ಸುಲಭವಾಗಿ ಅಲ್ಲ. ೨೦೧೭ರ ಏಪ್ರಿಲಿನಲ್ಲಿ ಭೂಮಿಪೂಜೆಯಾಯಿತು. ಸರಕಾರ ಬದಲಾದ ಮೇಲೆ ೨೦೨೧ರ ಆಗಸ್ಟ್ ೧ರಂದು ಮತ್ತೊಮ್ಮೆ ಸಮಾರಂಭವಾಯಿತು. ಒಂದೇ ಮನೆಗೆ ಎರಡು ಸಲ ಪೂಜೆಯಾದರೆ ವಾಸ್ತುದೋಷವೇನೂ ಇಲ್ಲವಷ್ಟೆ! ನಡುವೆ ಕರೋನಾ ಬಂದು ಹೋಯಿತು. ಮುಂಬಯಿಯ ಕಟ್ಟಡಗಳ ಕೂಲಿಗಳು ಹೆಗಲ ಮೇಲೆ ಮಕ್ಕಳನ್ನು ಹೊತ್ತು ಊರಿನ ದಾರಿ ಹಿಡಿದಿದ್ದನ್ನು ಯಾರೂ ಮರೆತಿಲ್ಲ.

ಅದಾದ ಮೇಲೆ ನಾವು ನೋಡಿದ್ದು. ಮೊದಲು ಬಹಳ ದಿನ ಏನೂ ಕಾಣುತ್ತಿರಲಿಲ್ಲ. ಬೇಲಿಯ ಹಿಂದೆ ನೆಲ ಕೊರೆಯುವ ಯಂತ್ರದ ಸದ್ದು, ಲಾರಿಗಳಲ್ಲಿ ಹೊರಹೋಗುವ ಕೆಂಪು ಕಪ್ಪು ಮಣ್ಣು. ಮೇಲಕ್ಕೆ ಏರುವುದಕ್ಕಿಂತ ಕೆಳಕ್ಕೆ ಇಳಿಯುವುದಕ್ಕೇ ಹೆಚ್ಚು ಕಾಲ ಹಿಡಿಯುತ್ತದೆಂದು ತಿಳಿದದ್ದು ಆಗ. ಆಮೇಲೆ ಒಂದು ದಿನ ಬೇಲಿಯ ಮೇಲೆ ಹಳದಿ ಕ್ರೇನಿನ ತಲೆ ಕಾಣಿಸಿತು. ಲಿಫ್ಟು ಓಡಾಡುವ ನಡುಗೋಡೆಗಳು ಮೊದಲು ಏಳುತ್ತವೆ. ಸುತ್ತಲಿನ ಸ್ಲ್ಯಾಬು ಅವನ್ನು ಬೆನ್ನಟ್ಟಿ ಬರುತ್ತದೆ. ಒಂದು ಅಂತಸ್ತಿನ ಅಚ್ಚನ್ನೇ ಬಿಚ್ಚಿ ಮುಂದಿನ ಅಂತಸ್ತಿಗೆ ಏರಿಸುತ್ತಾರೆ. ಒಳ್ಳೆಯ ತಿಂಗಳಲ್ಲಿ ಎರಡು ಸ್ಲ್ಯಾಬು, ಒಮ್ಮೊಮ್ಮೆ ಮೂರು. ಮಳೆ ಜೋರಾದರೆ ಒಂದೇ. ಬಸ್ಸಿನ ಕಿಟಕಿಯಿಂದ ಎಣಿಸಿ ನಾವು ಡೈರಿಯ ಮೂಲೆಯಲ್ಲಿ ಗುರುತು ಹಾಕುತ್ತಿದ್ದೆವು. ಇಪ್ಪತ್ತು ದಾಟಿದ ಮೇಲೆ ಬಸ್ಸಿನಿಂದ ತುದಿ ಕಾಣುವುದು ನಿಂತಿತು. ಇಳಿದು ಎದುರಿನ ಫುಟ್‌ಪಾತಿನಿಂದ ನೋಡಬೇಕಾಯಿತು.

ಹಾಗೆ ಇಳಿದಾಗ ಚಹಾದ ಗಾಡಿಯ ಬಳಿ ಒಂದು ಸಂಜೆ ಕನ್ನಡ ಕಿವಿಗೆ ಬಿದ್ದಿತು. ಕೆಲಸದವರಲ್ಲಿ ಹೆಚ್ಚಿನವರು ಬಿಹಾರ, ಝಾರ್ಖಂಡ, ಬಂಗಾಳದವರು. ನಾಲ್ಕೈದು ಜನ ಮಾತ್ರ ನಮ್ಮ ಕಡೆಯವರು, ಸರಳು ಬಗ್ಗಿಸಿ ಕಟ್ಟುವ ಕೆಲಸದವರು. ‘ಯಾವೂರಪ್ಪಾ ನಿಮ್ಮದು?’ ಎಂದೆವು.

‘ಇಂಡಿ ಕಡೇರಿ ಸರ. ನೀವೂ ನಮ್ಮ ಕಡೆಯವರೇನ್ರಿ?’ ಎಂದ ಅವರಲ್ಲಿ ಹಿರಿಯನಾದವನು. ಈಗ ಎಷ್ಟನೆಯ ಅಂತಸ್ತು ನಡೆದಿದೆಯೆಂದು ಕೇಳಿದಾಗ ಅವನು ಮೇಲೆ ನೋಡದೆಯೇ ಹೇಳಿದ: ‘ಇಪ್ಪತ್ತಾರು ಮುಗೀತ್ರಿ. ದೀಪಾವಳಿ, ಛಠ್ ಬಂದಾಗ ಮಂದಿ ಎಲ್ಲಾ ಊರಿಗೆ ಹೋದ್ರು, ಹದಿನೈದು ದಿನ ಸ್ಲ್ಯಾಬು ನಿಂತಿತ್ತು. ಇಲ್ಲಂದ್ರ ಇಪ್ಪತ್ತೇಳು ಆಗಿರ್ತಿತ್ತು.’ ನಮ್ಮ ಡೈರಿಯ ಗುರುತಿಗೂ ಅವನ ಲೆಕ್ಕಕ್ಕೂ ಕೂದಲಷ್ಟೂ ವ್ಯತ್ಯಾಸವಿರಲಿಲ್ಲ. ಅವನ ಅಪ್ಪ ಅವ್ವ ಇಬ್ಬರೂ ಬರಗಾಲದ ವರ್ಷಗಳಲ್ಲಿ ನಾರಿಮನ್ ಪಾಯಿಂಟಿಗೆ ಬಂದು ದುಡಿದವರಂತೆ. ಆಗ ಪಂಪು ಇರಲಿಲ್ಲ. ಹೆಂಗಸರು ಬಿದಿರಿನ ಅಟ್ಟಣಿಗೆಯ ಮೇಲೆ ಸಾಲಾಗಿ ನಿಂತು ಕಾಂಕ್ರೀಟಿನ ಬುಟ್ಟಿಯನ್ನು ತಲೆಯಿಂದ ತಲೆಗೆ ದಾಟಿಸಬೇಕು. ‘ನಮ್ಮವ್ವ ಎಷ್ಟು ಮಾಳಿಗಿ ಹೊತ್ತಾಳೋ ಲೆಕ್ಕಿಲ್ರಿ’ ಎಂದ. ಅಂಥ ತಾಯಂದಿರ ಕೂಸುಗಳು ಮರಳಿನ ರಾಶಿಯ ಮೇಲೆ ಬೆಳೆಯುವುದನ್ನು ಕಂಡು, ೧೯೬೯ರಲ್ಲಿ ದಿಲ್ಲಿಯಲ್ಲಿ ಹುಟ್ಟಿದ ಮೊಬೈಲ್ ಕ್ರೆಷಸ್ ಸಂಸ್ಥೆ ೧೯೭೨ರಲ್ಲಿ ಮುಂಬಯಿಯಲ್ಲೂ ಶಿಶುವಿಹಾರಗಳನ್ನು ತೆರೆಯಿತು. ಇವನು ಅದರಲ್ಲಿ ಎರಡು ವರ್ಷ ಓದಿದವನು. ಅಲ್ಲಿ ಕಲಿತ ಹಿಂದಿಯೇ ತನಗೆ ಅನ್ನ ಹಾಕುತ್ತಿದೆಯೆಂದ.

ಕೊಲ್ಲಿಯ ಕೆಸರಿಗೆ ಕಂದಾಯ ತೆತ್ತ ಇಂಡಿ ತಾಲ್ಲೂಕು, ಆ ನೆಲದ ಮೇಲಿನ ಗೋಪುರಗಳಿಗೆ ಬುಟ್ಟಿ ಹೊತ್ತಿತು. ಈಗ ವರ್ಲಿಯ ಗೋಪುರಕ್ಕೆ ಸರಳು ಕಟ್ಟುತ್ತಿದೆ. ನಮ್ಮ ಸಂಘದ ಸದಸ್ಯರ ಪಟ್ಟಿಯಲ್ಲಿ ಹೋಟೆಲಿನವರಿದ್ದಾರೆ, ಬ್ಯಾಂಕಿನವರಿದ್ದಾರೆ, ವಕೀಲರೂ ಡಾಕ್ಟರರೂ ಇದ್ದಾರೆ. ಸರಳು ಕಟ್ಟುವವರು ಒಬ್ಬರೂ ಇಲ್ಲ. ರಾಜ್ಯೋತ್ಸವಕ್ಕೆ ಬನ್ನಿರೆಂದು ಕರೆದಾಗ ಅವನು, ‘ಅವತ್ತು ಸ್ಲ್ಯಾಬು ಇರದಿದ್ರ ಬರ್ತೀವ್ರಿ’ ಎಂದ. ಅಂದು ಸ್ಲ್ಯಾಬು ಇತ್ತೆಂದು ಕಾಣುತ್ತದೆ. ಕಾರ್ಯಕ್ರಮವನ್ನು ಅವರಿರುವ ಶೆಡ್ಡಿನ ಬಳಿಗೆ ಒಯ್ಯಬಾರದೇಕೆ ಎಂದು ಕಾರ್ಯಕಾರಿ ಸಮಿತಿಗೆ ಬರೆದುಕೊಟ್ಟಿದ್ದೇವೆ. ಮುಂದಿನ ಸಭೆಯಲ್ಲಿ ಅದು ಚರ್ಚೆಗೆ ಬರಬೇಕು.

ಹೊಸ ಮನೆಯವರಿಗೂ ಚಿಂತೆಗಳಿಲ್ಲದಿಲ್ಲ. ಲಿಫ್ಟು ಕೆಟ್ಟರೆ ಮೂವತ್ತನೆಯ ಅಂತಸ್ತಿಗೆ ಅಜ್ಜಿಯನ್ನು ಏರಿಸುವವರಾರು? ನೀರಿನ ಪಂಪು, ದೀಪ, ಕಾವಲುಗಾರ ಇವೆಲ್ಲದರ ತಿಂಗಳ ಖರ್ಚು, ಒಂದು ಹಳೆಯ ಖೋಲಿಯ ವರ್ಷದ ಬಾಡಿಗೆಗಿಂತ ಹೆಚ್ಚಾದೀತಲ್ಲ? ಕೌಂಟರಿನ ಮುಂದೆ ನಿಂತು ಕೇಳುವವರಿಗೆ ನಾವು ಕೊಡಬಹುದಾದ ಉತ್ತರ ಇಷ್ಟೇ: ಒಟ್ಟಾಗಿ ಒಂದು ಠೇವಣಿ ಇಡಿ, ಬಡ್ಡಿಯನ್ನು ಮಾತ್ರ ಖರ್ಚು ಮಾಡಿ, ಲೆಕ್ಕವನ್ನು ಪ್ರತಿ ತಿಂಗಳೂ ಫಲಕದ ಮೇಲೆ ಅಂಟಿಸಿ. ಡೆವಲಪ್‌ಮೆಂಟ್ ಖಾತೆ ಆ ಕೊನೆಯದನ್ನು ಮಾಡಿದ್ದರೆ ೧೯೨೬ರ ಸಮಿತಿಯೇ ಬೇಕಾಗುತ್ತಿರಲಿಲ್ಲ.

ಬೀಗದ ಕೈ ಕೊಟ್ಟ ಮೇಲಿನ ತಿಂಗಳುಗಳಲ್ಲಿ ಬ್ಯಾಂಕಿಗೆ ವಿಳಾಸ ಬದಲಾವಣೆಯ ಅರ್ಜಿಗಳು ಬರತೊಡಗಿದವು. ಹಳೆಯ ವಿಳಾಸವೆಂದರೆ ಚಾಳಿನ ಸಂಖ್ಯೆ, ಖೋಲಿಯ ಸಂಖ್ಯೆ. ಹೊಸದೆಂದರೆ ವಿಂಗಿನ ಅಕ್ಷರ, ಅಂತಸ್ತು, ಮನೆ. ಗಿರಣಿಯ ನಿವೃತ್ತ ಮುದುಕರೊಬ್ಬರು ಹೊಸ ವಿಳಾಸದ ಜಾಗದಲ್ಲಿ ಹೊಸದನ್ನು ಬರೆದು, ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಹಳೆಯ ಚಾಳಿನ ಸಂಖ್ಯೆಯನ್ನೂ ಬರೆದಿದ್ದರು. ಅದು ಬೇಡವೆಂದರೆ ಕೇಳಲಿಲ್ಲ. ಊರಿನಿಂದ ಬರುವ ಕಾಗದ ಇನ್ನೂ ಆ ಸಂಖ್ಯೆಗೇ ಬರುತ್ತದೆ, ಅಂಚೆಯವನಿಗೂ ಅದೇ ಗೊತ್ತು ಎಂದರು. ಕಂಪ್ಯೂಟರಿನಲ್ಲಿ ಆ ಸಾಲಿಗೆ ಜಾಗವಿತ್ತು. ಸೇರಿಸಿದೆವು.